ಅಳಿಯನ ಮೊದಲ ಚಳಿಗಾಲ

ನಮ್ಮ ಮಾವ ಓಸ್ತಾಪ್ ಹ್ರಿಂಚುಕ್‌ಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಓರಿಸ್ಯಾ ನನ್ನ ಹೆಂಡತಿ. ಚಿಕ್ಕವಳು ಲರೀಸಾ. ಮಗಳನ್ನು ಮದುವೆ ಮಾಡಿಕೊಟ್ಟ ಮಾತ್ರಕ್ಕೆ ಮಾವ ಯಾರನ್ನೂ ಅಳಿಯ ಎಂದು ಒಪ್ಪುವವರಲ್ಲ. ಮೊದಲ ಚಳಿಗಾಲ ಕಳೆಯಬೇಕು. ಜನವರಿ ಏಳಕ್ಕೆ ಬರುವ, ಮಾವನ ಕಡೆಯವರ ಹಳೇ ಪಂಚಾಂಗದ ಕ್ರಿಸ್‌ಮಸ್ ಮುಗಿದ ಮೇಲೆ, ಉಗುಳಿದರೆ ಉಗುಳೂ ಗಟ್ಟಿಯಾಗುವ ಚಳಿಯಲ್ಲಿ ಹೊಸ ಅಳಿಯನ ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ನಿಂತುಹೋಗುತ್ತದೆ. ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸುತ್ತಾರೆ. ಮೆಕ್ಯಾನಿಕ್‌ನನ್ನು ಕರೆಯದೆ ಸರಿಮಾಡಿದವನು ಗಂಡಸು. ಕರೆದವನು ಸಾಯುವತನಕ ನಗೆಪಾಟಲು.

ನಾನು ಕರೆದಿದ್ದೆ. ಅಂದಿನಿಂದ ಈ ಮನೆತನದಲ್ಲಿ ನನ್ನ ಹೆಸರು ಗಾರ್ಥ್ ಅಲ್ಲ, ಫೋನಪ್ಪ. ನನ್ನ ಮಗನ ನಾಮಕರಣದ ದಿನ ಪಾದ್ರಿಗಳ ಎದುರಿಗೇ ಮಾವ ನನ್ನನ್ನು ಹಾಗೆ ಕರೆದರು. ಪಾದ್ರಿಗಳೂ ನಕ್ಕರು.

ಈ ವರ್ಷ ಸರದಿ ನನ್ನ ಷಡ್ಡಕ ಲೈಲ್‌ನದು. ಯಾರ್ಕ್ಟನ್ ಪೇಟೆಯಲ್ಲಿ ಕನ್ನಡಕದ ಗಾಜು ಉಜ್ಜಿ ಕೂರಿಸುವ ಕೆಲಸ ಅವನದು. ಮೆತ್ತಗಿನ ಮನುಷ್ಯ. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಗಿತ್ತು. ಬಾವಿಗೆ ಬಿದ್ದವನಿಗೆ ಜೊತೆ ಸಿಕ್ಕರೆ ಬಾವಿಯೂ ಅಷ್ಟು ಆಳ ಅನ್ನಿಸುವುದಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಲ್ಲಿಗೆ ಕಡ್ಡಿಯಾಡಿಸುತ್ತ ಮಾವ ಹೇಳಿದರು: "ಲೇ ಫೋನಪ್ಪ, ಆ ಕನ್ನಡಕದೋನು ಬೆಳಿಗ್ಗೆಯಿಂದ ಒದ್ದಾಡ್ತಿದಾನಂತೆ. ಹೋಗಿ ನೋಡ್ಕೊಂಡ್ ಬಾ. ಕೈಚೆಲ್ಲಿದ ತಕ್ಷಣ ನಂಗ್ ಹೇಳು, ಬಾಟ್ಲಿ ತಗೊಂಡು ಬರ್ತೀನಿ."

ನಾನು ಹೋದಾಗ ಲರೀಸಾ ಸೋಫಾದ ಮೇಲೆ ಕೌದಿ ಹೊದ್ದು ಕೂತು, ಹಲ್ಲು ಕಟಕಟಿಸುತ್ತಿದ್ದಳು. ನನ್ನನ್ನು ಕಂಡು ಕಣ್ಣು ಮಿಟುಕಿಸಿದಳು. ನಾಟಕದವರೂ ಅಷ್ಟು ಚೆನ್ನಾಗಿ ನಡುಗಲಾರರು.

ಲೈಲ್ ನೆಲಮಾಳಿಗೆಯಲ್ಲಿ ಮಂಡಿಯೂರಿದ್ದ. ಫರ್ನೇಸಿನ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿದ್ದ. ಪಕ್ಕದಲ್ಲಿ ಹಳೆಯ ಫಿಲ್ಟರ್ ಬಿದ್ದಿತ್ತು, ಹೊಸದು ಹಾಕಿಯಾಗಿತ್ತು. ಉರಿ ಹೊತ್ತಿದೆಯೋ ಇಲ್ಲವೋ ಎಂದು ನೋಡುವ ಕಡ್ಡಿಯನ್ನು ಹೊರತೆಗೆದು ಉಕ್ಕಿನ ನಾರಿನಿಂದ ಫಳಫಳ ಉಜ್ಜುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತೆ.

"ಏನಯ್ಯಾ, ಅದಕ್ಕೂ ಕನ್ನಡಕ ಹಾಕ್ತೀಯಾ?"

"ನಗು ಅಣ್ಣ, ನಗು. ಮಾವನೂ ನಗಲಿ. ಊರೇ ನಗಲಿ." ಅವನು ತಲೆ ಎತ್ತಲಿಲ್ಲ. "ಲರೀಸಾ ನಗಬಾರದು ಅಷ್ಟೆ. ಅವಳೊಬ್ಬಳು ನನ್ನ ಕಡೆ ಇದ್ದರೆ ಈ ಮನೆತನದಲ್ಲಿ ಹೇಗೋ ಬದುಕ್ತೀನಿ. ಪಾಪ, ಮೇಲೆ ಹೇಗೆ ನಡುಗ್ತಿದಾಳೆ ನೋಡಿದ್ಯಾ?"

ನೋಡಿದೆ ಎಂದೆ.

ಕಡ್ಡಿ ಸಿಕ್ಕಿಸಿ ಸ್ವಿಚ್ ಒತ್ತಿದ. ಒಳಗಿನ ಪುಟ್ಟ ಫ್ಯಾನು ಗುಂಯ್‌ಗುಟ್ಟಿತು. ಬೆಂಕಿ ಹೊತ್ತಲಿಲ್ಲ. ಕೆಂಪು ದೀಪ ಮೂರು ಸಲ ಮಿನುಗಿ ನಿಂತಿತು, ಮತ್ತೆ ಮೂರು ಸಲ ಮಿನುಗಿತು. ಲೈಲ್ ಬಾಗಿಲ ಒಳಬದಿಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು ಓದಿದ.

"ಮೂರು ಅಂದ್ರೆ ಹೊಗೆ ಹೊರಗೆ ಹೋಗ್ತಿಲ್ಲ. ದಾರಿ ಇಲ್ಲದೆ ಹೊತ್ತಿಸಿದ್ರೆ ಮನೆಮಂದಿ ಸಾಯ್ತಾರೆ ಅಂತ ಫರ್ನೇಸೇ ಬೆಂಕಿ ಹೊತ್ತದ ಹಾಗೆ ತಡೀತಿದೆ. ನೋಡು, ಯಂತ್ರಕ್ಕೂ ಎಷ್ಟು ಕರುಣೆ!"

ನೀರು ಇಳಿಯುವ ನಳಿಕೆ ಊದಿ ನೋಡಿದ. ಚೊಕ್ಕವಾಗಿತ್ತು. ಒಳಗೆ, ಹೊಗೆ ಹೊರಹೋಗುವುದನ್ನು ಕಾಯುವ ಹೆಬ್ಬೆರಳ ಗಾತ್ರದ ಸ್ವಿಚ್ಚಿಗೆ ಹೋಗುವ ಸಣ್ಣ ರಬ್ಬರ್ ಕೊಳವೆಯನ್ನೂ ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಅದೂ ಸರಿಯಿತ್ತು. ಎದ್ದು ಕೋಟು ಹಾಕಿಕೊಂಡ. ನನ್ನ ಸರದಿಯಲ್ಲಿ ನಾನು ಇಷ್ಟು ದೂರ ಬಂದಿರಲಿಲ್ಲ.

ಮನೆಯ ಪಕ್ಕದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಫರ್ನೇಸಿನ ಹೊಗೆ ಹೋಗುವ ಬಿಳಿ ಪ್ಲಾಸ್ಟಿಕ್ ಪೈಪು ಹೊರಚಾಚಿತ್ತು. ಲೈಲ್ ಹಿಮದಲ್ಲಿ ಮೊಣಕಾಲೂರಿ ಕೈ ತೂರಿಸಿದ. ಕೈಗೆ ಸಿಕ್ಕಿದ್ದನ್ನು ಎಳೆದ. ಉಣ್ಣೆಯ ಕಾಲುಚೀಲ. ನೀಲಿ ಬಣ್ಣ, ಬಿಳಿ ಹಕ್ಕಿಗಳು. ಹಿಂದಿನ ದಿನ ಲರೀಸಾಳ ಕಾಲಲ್ಲಿದ್ದದ್ದು.

ಅದನ್ನು ಮಂಡಿಯ ಮೇಲೆ ಬಿಡಿಸಿ ಹರಡಿದ.

"ಇದನ್ನ ತುರುಕಿದ್ದು ಮಾವ ತಾನೆ?" ಎಂದು ಕೇಳಿದ. ಹೌದು ಅನ್ನು ಎಂದು ಅವನ ಕಣ್ಣು ಬೇಡುತ್ತಿತ್ತು.

ನಾನು ಹೌದು ಅನ್ನಬಹುದಿತ್ತು. ಅನ್ನಲಿಲ್ಲ. ನನಗೊಬ್ಬನಿಗೇ ಯಾಕೆ ಉರಿಯಬೇಕು?

"ಮಗಳ ಸಾಕ್ಸ್, ಮಗಳೇ ತುರುಕಬೇಕು. ಅದೇ ನಿಯಮ. ಕೊಟ್ಟ ಹೆಣ್ಣು ಇನ್ನೂ ಯಾರ ಕಡೆಯೋಳು ಅಂತ ಗೊತ್ತಾಗಬೇಕಲ್ಲ, ಅಂತಾರೆ ಮಾವ. ನಮ್ಮನೇಲಿ ಕೆಂಪು ಸಾಕ್ಸ್ ಇತ್ತು. ಮೆಕ್ಯಾನಿಕ್ ಎಲ್ಲರ ಮುಂದೆ ಎತ್ತಿ ತೋರಿಸಿದ."

"ನೀನೇನ್ ಮಾಡ್ದೆ?"

"ನಕ್ಕೆ. ಇನ್ನೇನ್ ಮಾಡ್ಲಿ?"

ಅವನು ಕಾಲುಚೀಲವನ್ನು ಕೋಟಿನ ಒಳಗೆ ಸೇರಿಸಿದ. ಕೆಳಗೆ ಹೋಗಿ ಆ ಸಣ್ಣ ರಬ್ಬರ್ ಕೊಳವೆಯ ತುದಿಯನ್ನು ಕಿತ್ತು, ಕಾಣದಂತೆ ಹಿಂದೆ ಸರಿಸಿ, ಬಾಗಿಲು ಮುಚ್ಚಿದ. ಅದಿಲ್ಲದೆ ಬೆಂಕಿ ಹೊತ್ತುವುದಿಲ್ಲ. "ಲೈಲ್ ಸೋತ ಅಂತ ಮಾವನಿಗೆ ಹೇಳು. ಅವಳು ತಾನಾಗಿ ಬಾಯಿಬಿಟ್ಟು ಹೇಳ್ಲಿ ಅಣ್ಣ. 'ನಾನೇ ತುರುಕಿದ್ದು' ಅಂತ ಅವಳು ಅಂದ್ರೆ ಸಾಕು, ಆ ಕ್ಷಣ ಕೊಳವೆ ಸಿಕ್ಕಿಸ್ತೀನಿ, ಕೂತು ಒಟ್ಟಿಗೆ ನಗ್ತೀನಿ. ಅಷ್ಟೂ ಕೇಳಬಾರ್ದಾ ನಾನು?"

ನಾನು ಫೋನ್ ಮಾಡಿದೆ. ಮಾವ ಬಾಟಲಿ ಹಿಡಿದು ಟ್ರಕ್ಕಿನಿಂದ ಇಳಿದರು. ಒಳಗೂ ಬರದೆ ನೇರ ಪೈಪಿನ ಬಳಿಗೆ ಹೋದರು. ಕಿಟಕಿಯಿಂದ ನಾವು ಮೂವರೂ ನೋಡುತ್ತಿದ್ದೆವು. ಕೈ ಹಾಕಿದರು. ಕೈಗವಸು ಬಿಚ್ಚಿ ಮತ್ತೆ ಹಾಕಿದರು. ಬಗ್ಗಿ ಇಣುಕಿದರು. ಲರೀಸಾಳ ಮುಖ ಬಿಳುಚಿತು.

ಒಳಗೆ ಬಂದಾಗ ಅವರ ಕಿವಿ ಮೇಣದಂತೆ ಬೆಳ್ಳಗಾಗಿತ್ತು. ನೀನೇ ತೆಗೆದೆಯಾ ಎಂಬಂತೆ ಮಗಳ ಕಡೆ ಹುಬ್ಬು ಹಾರಿಸಿದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಏನ್ ಮಾವ ಹುಡುಕ್ತಿದ್ರಿ?" ಲೈಲ್ ಕೇಳಿದ.

"ನಿನ್ ಪಿಂಡ! ಸರಿ ಆಚೆ, ಗಂಡಸರ ಕೆಲಸ ಇದು."

ಮಾವ ನೆಲಮಾಳಿಗೆಗೆ ಇಳಿದರು. ಫರ್ನೇಸಿಗೆ ಒದ್ದರು, ಬೈದರು, ದೀಪ ಮಿನುಗಿದ್ದನ್ನು ಕಂಡು ಅದಕ್ಕೂ ಬೈದರು. ಜನ್ಮದಲ್ಲಿ ಒಂದು ಫರ್ನೇಸನ್ನೂ ಅವರು ರಿಪೇರಿ ಮಾಡಿರಲಿಲ್ಲ ಎಂಬುದು ನನಗೆ ಆವತ್ತು ಗೊತ್ತಾಯಿತು. ಕೆಡಿಸಿದ್ದಷ್ಟೇ. ಇಷ್ಟು ವರ್ಷ ಈ ಮುದುಕನಿಗೆ ಹೆದರಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಗಾಜಿನ ಒಳಗಡೆಯೂ ಮಂಜು ಕಟ್ಟತೊಡಗಿತ್ತು. ಈಗ ಲರೀಸಾ ನಿಜವಾಗಿ ನಡುಗುತ್ತಿದ್ದಳು. ಲೈಲ್ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅಷ್ಟು ಮೆಲ್ಲಗೆ ನಾನು ನನ್ನ ಹೆಂಡತಿಯನ್ನು ಎಂದೂ ಮಾತಾಡಿಸಿಲ್ಲ.

"ಲರೀ, ಏನಾದ್ರೂ ಕಳೆದುಹೋಯ್ತಾ? ಹೇಳು. ನಾನೂ ಹುಡುಕ್ತೀನಿ. ಬೈಯಲ್ಲ."

ಅವಳ ಬಾಯಿ ತೆರೆಯಿತು. ಮೆಟ್ಟಿಲ ಕಡೆಯಿಂದ ಮಾವನ ದನಿ ಕೇಳಿಸಿತು: "ಬಾಯ್ ಬಿಟ್ಟೀಯ ಜೋಕೆ! ಇವನಿಂದ ಆಗಲ್ಲ ಅಂತ ಒಪ್ಪಿಕೊಳ್ಳಲಿ ಮೊದ್ಲು. ಕೋಟ್ ಹಾಕ್ಕೋ, ನಮ್ಮನೇಗೆ ನಡಿ. ಹೆಂಡ್ತೀನ ಬೆಚ್ಚಗಿಡಕ್ಕಾಗ್ದೋನು ಗಂಡನಾ?"

ಲರೀಸಾ ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು.

"ಏನೂ ಕಳ್ದಿಲ್ಲ," ಎಂದಳು. ಆಮೇಲೆ ಅಪ್ಪನಿಗೆ ಕೇಳಿಸಲಿ ಎಂದು ಸ್ವಲ್ಪ ನಕ್ಕಳು. "ನಿನ್ ಕೈಲಿ ಆಗಲ್ಲ ಬಿಡು ಲೈಲ್."

ಕೋಟು ಹಾಕಿಕೊಂಡು ಅಪ್ಪನ ಜೊತೆ ಹೊರಟಳು. ಲೈಲ್ ಅವಳ ಹಿಂದೆ ಬಾಗಿಲು ಹಾಕಿ, ಚಿಲಕ ಜಡಿದು, ಕೆಳಗಿಳಿದ. ಕೊಳವೆ ಸಿಕ್ಕಿಸಲು ಎಷ್ಟು ಹೊತ್ತು? ಫ್ಯಾನು ತಿರುಗಿತು, ಟಿಕ್‌ಟಿಕ್ ಎಂದಿತು, ಭುಸ್ಸೆಂದು ಬೆಂಕಿ ಹಿಡಿಯಿತು. ನನ್ನ ಕಾಲಬುಡದ ಜಾಲರಿಯಿಂದ ಬಿಸಿಗಾಳಿ ಬಂತು.

ಹೊರಗೆ ಟ್ರಕ್ಕಿನ ಎಂಜಿನ್ ಇನ್ನೂ ಬಿಸಿಯಾಗುತ್ತಿತ್ತು. ಆ ಚಳಿಯಲ್ಲಿ ಪೈಪಿನಿಂದ ಬೆಳ್ಳನೆಯ ಆವಿ ದಪ್ಪಗೆ ಎದ್ದದ್ದು ಟ್ರಕ್ಕಿನಲ್ಲಿ ಕೂತವರಿಗೆ ಕಾಣದೆ ಇರುತ್ತದೆಯೇ? ಲರೀಸಾ ಬಾಗಿಲು ತೆರೆದು ಹಾರಿದಳು. ಅಪ್ಪ ಕೂಗಿದರೂ ನಿಲ್ಲದೆ ಹಿಮದಲ್ಲಿ ಎಡವುತ್ತ ಓಡಿಬಂದು ಬಾಗಿಲು ಬಡಿದಳು.

"ಲೈಲ್! ನಿನಗೆ ಗೊತ್ತಿತ್ತಾ? ತೆಗಿ ಲೈಲ್, ಚಳಿ!"

ಲೈಲ್ ಮೇಲೆ ಬಂದು ಬಾಗಿಲ ಈಚೆ ನಿಂತ. "ಏನ್ ಹುಡುಕ್ತಿದ್ದೆ, ಹೇಳು."

ಹೊರಗೆ ಸ್ವಲ್ಪ ಹೊತ್ತು ಬರೀ ಅಳು. ಆಮೇಲೆ: "ನನ್ನ ಸಾಕ್ಸ್. ನಾನೇ ತುರುಕಿದ್ದು. ಅಪ್ಪ ಹೇಳಿದ್ರು ಅಂತ ನಾನೇ ತುರುಕಿದೆ. ತಪ್ಪಾಯ್ತು, ತೆಗಿ."

ಹೇಳಿಬಿಟ್ಟಳು. ತೆಗೆಯಯ್ಯಾ ಎಂದು ನನ್ನ ಗಂಟಲವರೆಗೆ ಬಂತು.

ಲೈಲ್ ಕೋಟಿನೊಳಗಿಂದ ಕಾಲುಚೀಲ ತೆಗೆದ. ಬಾಗಿಲಲ್ಲಿ ಅಂಚೆ ಹಾಕುವ ಕಿಂಡಿಯ ಮುಚ್ಚಳ ಎತ್ತಿ, ಅದನ್ನು ಬೆರಳಿನಿಂದ ಪೂರ್ತಿ ಆಚೆ ನೂಕಿ, ಮುಚ್ಚಳ ಬಿಟ್ಟ.

"ಬೆಂಕಿ ಹೊತ್ತಿದ ಮೇಲೆ ಹೇಳಿದ್ಲು. ನೀನು ಹಿಂದಿನ ಬಾಗಿಲಿಂದ ಹೋಗು ಅಣ್ಣ," ಎಂದ.