ಮನೆಮನೆ ತಿರುಗಿದ ಪೆನ್‌ಡ್ರೈವ್

ಕಾಗದ ಬೇಕಾದಾಗಲೇ ಕಾಗದ ಸಿಗುವುದಿಲ್ಲ. ಇದು ಎಲ್ಲರ ಮನೆಯ ಗೋಳು. ಬ್ಯಾಂಕಿನವರು ಪ್ಯಾನ್ ಕಾರ್ಡ್ ಕೇಳಿದ ದಿನ ಹತ್ತು ವರ್ಷದ ಹಿಂದಿನ ಕರೆಂಟ್ ಬಿಲ್ಲು ಕೈಗೆ ಬರುತ್ತದೆ, ಪ್ಯಾನ್ ಕಾರ್ಡ್ ಮಾತ್ರ ಬರುವುದಿಲ್ಲ. ಮನೆ ಮಂದಿಯೆಲ್ಲ ಒಬ್ಬರ ಮೇಲೊಬ್ಬರು ಹಾರಾಡುತ್ತಾರೆ. ಕೊನೆಗೆ ಅದು ಜೋಳದ ಡಬ್ಬಿಯ ಕೆಳಗೆ ಸಿಗುತ್ತದೆ, ಇಲ್ಲವೇ ಸಿಗುವುದೇ ಇಲ್ಲ.

ನನ್ನ ತವರಿನಲ್ಲಿ ಈ ಗೋಳು ಇರಲಿಲ್ಲ. ನನ್ನ ಹೆಸರು ಸುಮಂಗಲಾ. ಹುಟ್ಟಿ ಬೆಳೆದದ್ದು ಕಮಲಾಪುರ, ಈಗ ಇರುವುದು ಕಲಬುರಗಿಯ ಜೇವರ್ಗಿ ಕಾಲೋನಿ. ನಮ್ಮವ್ವ ಮಾನಮ್ಮ ಕಮಲಾಪುರದಲ್ಲಿ ನನ್ನ ತಮ್ಮ ಕಪಿಲನ ಜೊತೆ ಇದ್ದಾಳೆ. ಮೊನ್ನೆಮೊನ್ನೆಯವರೆಗೂ ಬಸ್ ಸ್ಟ್ಯಾಂಡಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಮೂವತ್ತು ವರ್ಷ ಬಿಸಿಲಿಗೆ ಕೂತಿದ್ದಳು.

ನಾನು ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಕೀಲಿ ಹಾಕುವ ತಗಡಿನ ಪೆಟ್ಟಿಗೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಓಣಿಯವರ ಕಾಗದಗಳೆಲ್ಲ ಅದರಲ್ಲೇ ಇರುತ್ತಿದ್ದವು. ಸಾಯಬಣ್ಣ ಕಾಕಾನ ಹೊಲದ ಪಹಣಿ, ಲತೀಫಾ ಚಾಚಿಯ ಪೋಸ್ಟಾಫೀಸಿನ ಪಾಸ್‌ಬುಕ್ಕು, ಯಾರದೋ ಮನೆ ಪತ್ರ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಒಂದೊಂದು ಮನೆಯ ಕಾಗದವನ್ನು ಆ ಮನೆಯ ಹಳೆಯ ಸೀರೆಯ ತುಂಡಿನಲ್ಲೇ ಕಟ್ಟಿಸಿ ಇಡುತ್ತಿದ್ದಳು. ಹಸಿರು ಗಂಟು ಲತೀಫಾ ಚಾಚಿಯದು, ಹೂವಿನ ಗಂಟು ಸಾಯಬಣ್ಣ ಕಾಕಾನದು. ಕೀಲಿಕೈ ಮಾತ್ರ ಅವ್ವನ ಕೊರಳ ದಾರದಲ್ಲಿ. ಗಂಟು ಯಾರದೋ ಅವರ ಕೈಗೇ ಕೊಡಬೇಕು, ಮಗ ಬಂದರೂ ಇಲ್ಲ, ಅಳಿಯ ಬಂದರೂ ಇಲ್ಲ.

ಒಮ್ಮೆ ನಾನು ಕಾಕಾನ ಗಂಟು ಬಿಚ್ಚಿ, ಒಳಗಿನ ಹಳೆಯ ಕಾಗದದ ಮೇಲಿದ್ದ ಉರ್ದು ಮುದ್ರೆಯನ್ನು ನೋಡುತ್ತ ಕೂತಿದ್ದೆ. ಎಷ್ಟು ಚೆಂದದ ಮುದ್ರೆ! ಅವ್ವ ಬಂದವಳೇ ಸೌಟಿನಿಂದ ಒಂದು ಬಿಟ್ಟಳು.

“ಮಂದಿ ಗಂಟು ಬಿಚ್ಚೂದಂದ್ರ ಮಂದಿ ಮನ್ಯಾಗ ಕೇಳದ ಹೊಕ್ಕಂಗ. ತಿಳೀತಿಲ್ಲ?”

ತಿಳಿದಿತ್ತು. ಆಮೇಲೆ ಮರೆತೆ. ಆ ಪೆಟ್ಟಿಗೆಯ ನುಸಿಗುಳಿಗೆ ವಾಸನೆ ಮಾತ್ರ ಮರೆತಿಲ್ಲ. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಕಣ್ಣು ತುಂಬುತ್ತದೆ.

ಈಗ ನನ್ನ ಜಾಣತನದ ಕಥೆ ಕೇಳಿ. ಹೋದ ವರ್ಷ ಮನೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಒಂದು ಕೆಂಪು ಪೆನ್‌ಡ್ರೈವಿಗೆ ಹಾಕಿಸಿದೆ. ಆಧಾರ್, ಪಾಸ್‌ಬುಕ್ಕು, ವಿಮೆಯ ಬಾಂಡು, ಅವ್ವನ ಠೇವಣಿ ಪತ್ರ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರೆತು ಹೋಗುತ್ತದೆಂದು ಎಟಿಎಂ ಪಿನ್ನು, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡು ಎಲ್ಲವನ್ನೂ ಒಂದು ಹಾಳೆಯಲ್ಲಿ ಟೈಪು ಮಾಡಿ ಅದರಲ್ಲೇ ಇಟ್ಟೆ. ಕಡತದ ಹೆಸರೇನು ಗೊತ್ತೇ? ‘ಬ್ಯಾಂಕ್ ಪಾಸ್‌ವರ್ಡ್’. ಕಳ್ಳ ಬಂದರೆ ಹುಡುಕಾಡಿ ಬೇಸರಪಡಬಾರದಲ್ಲ!

ನಮ್ಮ ಕಡೆ ಒಂದು ರೂಢಿ ಇದೆ. ಜರಡಿ, ನಿಚ್ಚಣಿಕೆ, ದೊಡ್ಡ ಪಾತ್ರೆ ಒಂದು ಮನೆಯಲ್ಲಿದ್ದರೆ ಓಣಿಗೆಲ್ಲ ಇದ್ದಂತೆ. ಕೇಳಿದರೆ ಇಲ್ಲ ಅನ್ನಬಾರದು. ನನ್ನ ಪೆನ್‌ಡ್ರೈವ್ ಕೂಡ ಹಾಗೇ ಆಯಿತು. ಪಕ್ಕದ ಮನೆಯ ಸೌಂದರ್ಯಾ ಟ್ಯೂಷನ್ ಹೇಳುತ್ತಾಳೆ, ಅವಳಿಗೆ ಪ್ರಶ್ನೆಪತ್ರಿಕೆ ಪ್ರಿಂಟು ಬೇಕು. ಹಿಂದಿನ ಮನೆಯವರಿಗೆ ಮದುವೆ ಫೋಟೋ ಬೇಕು. ಎಲ್ಲರೂ ನನ್ನ ಬಾಗಿಲಿಗೆ ಬರುವರು, ನಾನು ದೊಡ್ಡ ಮನಸ್ಸಿನಿಂದ ಕೊಡುವೆ.

ಎದುರು ಮನೆಯ ಆಯೇಶಾ ಆಪಾ ಇದನ್ನು ನೋಡಿ ನೋಡಿ ಸಾಕಾಗಿದ್ದಳು. ಆಕೆ ಶಹಾಬಜಾರದಲ್ಲಿ ಬೆಳೆದವಳು. ಮಹಿಳಾ ಸಂಘಗಳಿಗೆ ಹೋಗಿ ಬ್ಯಾಂಕಿನ ವ್ಯವಹಾರ ತಿಳಿಸಿಕೊಡುವುದು ಆಕೆಯ ಕೆಲಸ.

“ಸುಮಂಗಲಾ, ಅದಕ್ಕ ಪಾಸ್‌ವರ್ಡ್ ಹಾಕು. ಒಂದೊಂದು ಫೈಲಿಗಲ್ಲ, ಇಡೀ ಪೆನ್‌ಡ್ರೈವಿಗೇ ಹಾಕಾಕ ಬರ್ತದ. ಆಗ ಅದು ಯಾರ ಕೈಗೆ ಸಿಕ್ರೂ ಒಳಗಿಂದು ಓದಾಕ ಬರಂಗಿಲ್ಲ.”

“ನಮ್ದೇನ್ ಆಪಾ, ನಿಜಾಮರ ಖಜಾನಾ ಅದ ಏನು?”

“ನಿಜಾಮರ ಖಜಾನಾಕ್ಕ ಪಹರೆ ಇತ್ತು. ನಿಂದಕ್ಕ ಏನದ? ಮತ್ತ ಆ ಪಾಸ್‌ವರ್ಡ್ ಬರ್ದಿಟ್ಟ ಹಾಳಿ ತಗದೀಯಿಲ್ಲ?”

“ಸೌಂದರ್ಯಾಗ ಕೊಡೂ ಮೊದಲ ಡಿಲೀಟ್ ಮಾಡಿ, ವಾಪಸ್ ಬಂದಮ್ಯಾಗ ಮತ್ತ ಹಾಕ್ತೀನ್ರೀ.”

ಆಪಾ ಹಣೆ ಹಣೆ ಬಡಿದುಕೊಂಡಳು. “ಡಿಲೀಟ್ ಮಾಡಿದ್ದು ಹೋಗಂಗಿಲ್ಲವ್ವಾ. ತಿಳದವ್ರು ಅದನ್ನ ಮತ್ತ ಎಬ್ಬಿಸ್ತಾರ.”

ನಾನು ನಕ್ಕುಬಿಟ್ಟೆ. ನಮ್ಮ ಮನೆಯ ಮೇಲೆ ಯಾರ ಕಣ್ಣು ಬೀಳುತ್ತದೆ ಎಂಬುದು ನನ್ನ ಧೈರ್ಯ.

ಅದೇ ತಿಂಗಳು ಅವ್ವನ ಠೇವಣಿ ಮುಗಿಯಿತು. ಮೂರು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ನಮ್ಮಿಬ್ಬರ ಜಂಟಿ ಖಾತೆಗೆ ಬಂದು ಕೂತಿತು. ಅವ್ವನ ಜೀವಮಾನದ ಆಸೆ ಒಂದೇ, ಬಸ್ ಸ್ಟ್ಯಾಂಡಿನ ಎದುರು ಶಟರ್ ಇರುವ ಒಂದು ಸಣ್ಣ ಅಂಗಡಿ. ಅಂಗಡಿ ಸಿಕ್ಕಿತ್ತು. ಗುರುವಾರದೊಳಗೆ ಮುಂಗಡ ಕೊಡಬೇಕಿತ್ತು.

ಮಂಗಳವಾರ ಬೆಳಿಗ್ಗೆ ಸೌಂದರ್ಯಾ ಬಾಗಿಲಲ್ಲಿ ನಿಂತಳು. ಮುಖ ಸಪ್ಪಗಾಗಿತ್ತು.

“ಅಕ್ಕಾ, ಬೈಬ್ಯಾಡ್ರಿ. ನಿನ್ನೆ ನಿಮ್ ಪೆನ್‌ಡ್ರೈವ್ ಸ್ಟೇಶನ್ ಬಜಾರದ ಜೆರಾಕ್ಸ್ ಅಂಗಡ್ಯಾಗ ಕಂಪ್ಯೂಟರಿಗೇ ಬಿಟ್ಟು ಬಂದೀನಿ.”

ಆ ಹಾಳೆ ಅದರಲ್ಲಿತ್ತೋ ಇಲ್ಲವೋ ಎಂದು ನೆನಪಿಸಿಕೊಂಡೆ. ಇತ್ತು. ಈ ಸಲ ಡಿಲೀಟ್ ಮಾಡುವುದನ್ನೂ ಮರೆತಿದ್ದೆ. ಆಪಾನನ್ನೂ ಕರೆದುಕೊಂಡು ಮೂವರೂ ಆಟೋ ಹತ್ತಿದೆವು.

ಅಂಗಡಿಯ ಮಾಣಿಕಪ್ಪ ಒಳ್ಳೆಯ ಮನುಷ್ಯ. “ಕಂಪ್ಯೂಟರಿಗಂತೂ ಏನೂ ಇಲ್ರೀ ಅಕ್ಕೋರ. ಬಿಟ್ಟು ಹೋದವೆಲ್ಲಾ ಇದರಾಗ ಹಾಕಿರ್ತೀನಿ, ನೋಡ್ಕೋರಿ” ಎಂದು ಒಂದು ಬಿಸ್ಕತ್ತಿನ ಡಬ್ಬಿ ಮುಂದಿಟ್ಟ. ಮುಚ್ಚಳ ತೆಗೆದರೆ ಮೂವತ್ತಕ್ಕೂ ಹೆಚ್ಚು ಪೆನ್‌ಡ್ರೈವ್! ಕೆಂಪು ಬಣ್ಣದವೇ ಏಳು ಇದ್ದವು. ಮಾಣಿಕಪ್ಪ ಒಂದೊಂದನ್ನೇ ಕಂಪ್ಯೂಟರಿಗೆ ಚುಚ್ಚಿ ತೋರಿಸತೊಡಗಿದ.

ಮೊದಲನೆಯದರಲ್ಲಿ ಯಾರದೋ ಸಂಬಳದ ಚೀಟಿ. ಎರಡನೆಯದರಲ್ಲಿ ಗುರುಲಿಂಗಪ್ಪ ಎನ್ನುವವರ ಮನೆ ಸಾಲದ ಕಾಗದ, ಅವರ ಸಹಿ, ಫೋಟೋ, ಫೋನ್ ನಂಬರು. ಮೂರನೆಯದರಲ್ಲಿ ಒಬ್ಬ ಹೆಣ್ಣುಮಗಳ ಪಾಸ್‌ಬುಕ್ಕು, ಆಸ್ಪತ್ರೆಯ ಬಿಲ್ಲು, ಆಕೆ ಯಾರಿಗೋ ಬರೆದ ಅರ್ಜಿ. ಗಂಡ ತೀರಿಕೊಂಡಿದ್ದಾನೆ, ವಿಮೆಯ ಹಣ ಬೇಗ ಕೊಡಿ ಎಂದು. ನಾನು ಅದನ್ನು ಪೂರ್ತಿ ಓದಿದೆ. ಓದಿದ ಮೇಲೆ ನಾಚಿಕೆಯಾಯಿತು. ಆಕೆಯ ಪರಿಚಯವೇ ಇಲ್ಲದ ನಾನು ಆಕೆಯ ಮನೆಯ ನಡುವೆ ನಿಂತಿದ್ದೆ. ಸೌಟಿನ ಏಟು ಬಿದ್ದ ಜಾಗ ಮೂವತ್ತು ವರ್ಷದ ಮೇಲೆ ಚುರುಕ್ ಅಂದಿತು.

“ಸಾಕ್ರೀ, ಬಂದ್ ಮಾಡ್ರಿ,” ಎಂದೆ. “ನಂದರಾಗ ‘ಮಾನಮ್ಮ’ ಅಂತ ಒಂದು ಫೋಲ್ಡರ್ ಅದ. ಅಷ್ಟು ನೋಡ್ರಿ, ಉಳಿದಿದ್ದು ತಗೀಬ್ಯಾಡ್ರಿ.”

ಏಳರಲ್ಲಿ ಒಂದೂ ನನ್ನದಲ್ಲ. ಯಾರೋ ತೆಗೆದುಕೊಂಡು ಹೋಗಿದ್ದರು. ಸೌಂದರ್ಯಾ ಅಲ್ಲೇ ಅಳತೊಡಗಿದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕೊಟ್ಟವಳು ನಾನು.

ಆಪಾ ನನ್ನ ರಟ್ಟೆ ಹಿಡಿದಳು. “ಅಳೂದು ಆಮ್ಯಾಗ. ಮೊದಲ ಬ್ಯಾಂಕಿಗೆ ನಡಿ. ಜಲ್ದಿ.”

ಹನ್ನೊಂದು ಗಂಟೆಗೆ ನಾವು ಬ್ಯಾಂಕಿನಲ್ಲಿದ್ದೆವು. ಎಟಿಎಂ ಕಾರ್ಡ್ ಬಂದ್ ಮಾಡಿಸಿದೆವು. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಫೋನಿನ ಯುಪಿಐ ಪಿನ್ ಎರಡನ್ನೂ ಬದಲಿಸಿದೆ. ಹಣ ಇನ್ನೂ ಖಾತೆಯಲ್ಲೇ ಇತ್ತು. ಹನ್ನೆರಡಕ್ಕೆ ಹೊರಗೆ ಬಂದಾಗ ಆಪಾ ಹೇಳಿದಳು: “ಇಷ್ಟಕ್ಕ ಮುಗೀಲಿಲ್ಲ. ನಿಮ್ಮ ಹೆಸರು, ನಂಬರು, ಎಲ್ಲಾ ಪೆನ್‌ಡ್ರೈವ್ ಒಯ್ದವನ ಕೈಯಾಗ ಅದ. ಬ್ಯಾಂಕಿನವ ಅಂತ ಫೋನ್ ಮಾಡಿ ಒಟಿಪಿ ಕೇಳ್ತಾನ. ಖರೇ ಬ್ಯಾಂಕಿನವ್ರು ಎಂದೂ ಒಟಿಪಿ ಕೇಳಂಗಿಲ್ಲ. ನೆನಪಿಡು. ಹಂಗೇನರ ಆದ್ರ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡು.”

ಅವ್ವನಿಗೆ ಹೇಳದೆ ಇರಲಾಗಲಿಲ್ಲ. ಕಮಲಾಪುರದ ಬಸ್ಸು ಹಿಡಿದೆ. ಹೊಲಗಳ ಕೆಂಪು ಮಣ್ಣು ಕಾಣತೊಡಗಿತು. ಸಣ್ಣವಳಿದ್ದಾಗ ಇದೇ ದಾರಿಯಲ್ಲಿ ಅವ್ವನ ಜೊತೆ ಹಣ್ಣಿನ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಿದ್ದೆ. ಮಾರದೆ ಉಳಿದ ಒಂದು ಹಣ್ಣನ್ನು ಇಬ್ಬರೂ ಅರ್ಧರ್ಧ ತಿನ್ನುತ್ತಿದ್ದೆವು. ಅಷ್ಟು ಸಿಹಿ ಹಣ್ಣು ಮತ್ತೆ ನಾನು ತಿಂದಿಲ್ಲ.

ಅವ್ವ ಬುಟ್ಟಿಯ ಮುಂದೆ ಕೂತಿದ್ದಳು. ಎಲ್ಲ ಕೇಳಿದಳು, ಬೈಯಲಿಲ್ಲ. ಒಂದೇ ಮಾತು ಕೇಳಿದಳು.

“ಕೀಲಿಕೈ ಪೆಟ್ಟಿಗ್ಯಾಗೇ ಇಟ್ಟಿದ್ದೇನ್?”

“ಹೂಂ ಅವ್ವಾ.”

“ಓಣಿ ಮಂದಿ ಕಾಗದ ಅಷ್ಟು ವರ್ಷ ಕಾಯ್ದೀನಿ. ಕೀಲಿಕೈ ಒಂದಿನ ಕೊರಳಿಂದ ತಗೀಲಿಲ್ಲ. ನೀ ಓದಿದಾಕಿ, ನಿನಗ ಹೇಳ್ಬೇಕೇನ್?”

ಆಗಲೇ ನನ್ನ ಫೋನು ರಿಂಗಾಯಿತು. ಹೊತ್ತು ಒಂದೂವರೆ. ಬಹಳ ಮರ್ಯಾದೆಯ ದನಿ.

“ಸುಮಂಗಲಾ ಮೇಡಂ? ಬ್ಯಾಂಕಿನಿಂದ ಮಾತಾಡ್ತಿದ್ದೇನೆ. ನಿಮ್ಮ ತಾಯಿ ಮಾನಮ್ಮ ಅವರ ಠೇವಣಿ ಈ ತಿಂಗಳು ಮುಗಿದಿದೆ ಅಲ್ವಾ? ಮೂರು ಲಕ್ಷದ ಇಪ್ಪತ್ತು ಸಾವಿರ. ನಿಮ್ಮ ಖಾತೆ ಬಂದ್ ಆಗಿದೆ, ಸರಿ ಮಾಡಿಕೊಡ್ತೀವಿ. ಈಗೊಂದು ಒಟಿಪಿ ಬಂದಿರುತ್ತೆ, ಹೇಳಿ.”

ಅವ್ವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಖಾತೆಯ ನಂಬರನ್ನೂ ಒಂದೊಂದೇ ಅಂಕಿ ಹೇಳಿದ. ಅವ್ವನ ಆಧಾರ್ ನಂಬರನ್ನೂ ಹೇಳಿದ. ಎಲ್ಲ ಸರಿಯಾಗಿತ್ತು. ಅವ್ವ ನನ್ನ ಮುಖ ನೋಡಿ ಫೋನು ಕಿತ್ತುಕೊಂಡಳು.

“ಯಾರಪ್ಪಾ ನೀ? ಮಾನಮ್ಮ ನಾನೇ. ನನ್ನ ಕಾಗದ ನಿನ್ನ ಕೈಯಾಗ ಹ್ಯಾಂಗ ಬಂದ್ವು, ಅದನ್ನ ಮೊದಲ ಹೇಳು.”

ಆ ಕಡೆ ಫೋನು ಕಟ್ಟಾಯಿತು. ನಾನು ಕೂಡಲೇ 1930ಕ್ಕೆ ಫೋನ್ ಮಾಡಿ ಎಲ್ಲ ಹೇಳಿದೆ. ಕೆಂಪು ಪೆನ್‌ಡ್ರೈವ್ ಇವತ್ತಿನವರೆಗೂ ಸಿಕ್ಕಿಲ್ಲ.

ಗುರುವಾರ ಮುಂಗಡ ಕೊಟ್ಟೆವು. ಅದೇ ಭಾನುವಾರ ಆಪಾ ನಮ್ಮ ಮನೆಗೆ ಬಂದು ಎರಡು ಹೊಸ ಪೆನ್‌ಡ್ರೈವಿಗೆ ಪಾಸ್‌ವರ್ಡ್ ಹಾಕಿಕೊಟ್ಟಳು. ಪಕ್ಕದಲ್ಲಿ ಸೌಂದರ್ಯಾ ಕೂತು ತನ್ನದಕ್ಕೂ ಹಾಕಿಸಿಕೊಂಡಳು.

“ಎರಡ್ಯಾಕ ಆಪಾ?”

“ಪೆನ್‌ಡ್ರೈವ್ ಒಂದಿನ ಹೇಳದ ಕೆಡ್ತದ. ಒಂದು ನಿನ್ನ ಕಡೆ, ಇನ್ನೊಂದು ಕಮಲಾಪುರದಾಗ ಕಪಿಲನ ಕಡೆ. ಆರು ತಿಂಗಳಿಗೊಮ್ಮೆ ಎರಡೂ ತಗದು ನೋಡ್ಬೇಕು. ಪಾಸ್‌ವರ್ಡ್ ಉದ್ದ ಇರ್ಲಿ, ನಾಕೈದು ಶಬ್ದ ಕೂಡಿಸಿ ಮಾಡು. ನಿನ್ನ ಹೆಸರು, ಹುಟ್ಟಿದ ತಾರೀಖು ಬ್ಯಾಡ. ಮರತಿಯಂದ್ರ ಒಳಗಿಂದು ನಿನಗೂ ಸಿಗಂಗಿಲ್ಲ, ಅದಕ್ಕ ಮನ್ಯಾಗ ಇನ್ನೊಬ್ರಿಗೆ ಬಾಯಿಪಾಠ ಮಾಡಿಸು. ಪಿನ್ನು ಮಾತ್ರ ಎಲ್ಲೂ ಬರೀಬ್ಯಾಡ.”

“ಪ್ರಿಂಟ್ ಬೇಕಾದ್ರ?” ಎಂದಳು ಸೌಂದರ್ಯಾ.

“ಅದಕ್ಕ ಬ್ಯಾರೆ ಖಾಲಿ ಪೆನ್‌ಡ್ರೈವ್ ಇಟ್ಕೋ. ಬೇಕಾದ ಒಂದು ಹಾಳಿ ಅಷ್ಟೇ ಅದರಾಗ ಒಯ್ಯಿ. ಅಂಗಡಿ ಕಂಪ್ಯೂಟರಿಂದ ವೈರಸ್ ಬರ್ತದ, ವಾಪಸ್ ಬಂದಮ್ಯಾಗ ಸ್ಕ್ಯಾನ್ ಮಾಡು. ಮನಿ ಕಾಗದ ಇರೂದನ್ನ ಯಾರು ಕೇಳಿದ್ರೂ ಕೊಡಬ್ಯಾಡ್ರಿ. ಕೊಡಂಗಿಲ್ಲ ಅಂದ್ರ ಗೆಳೆತನ ಕೆಡಂಗಿಲ್ಲ.”

ಸೌಂದರ್ಯಾ ನನ್ನ ಕಡೆ ನೋಡಿದಳು. ಗೆಳೆತನ ಕೆಟ್ಟಿರಲಿಲ್ಲ.

ಅವ್ವ ಈಗ ನೆರಳಲ್ಲಿ ಕೂತು ಹಣ್ಣು ಮಾರುತ್ತಾಳೆ. ಬೆಳಿಗ್ಗೆ ಶಟರ್ ಎತ್ತುವ ಕೆಲಸ ಕಪಿಲನಿಗೆ ಬಿಡುವುದಿಲ್ಲ, ತಾನೇ ಎತ್ತಬೇಕು.

ಅಕ್ಕಂದಿರೇ, ಅಣ್ಣಂದಿರೇ, ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಸೌಂದರ್ಯಾ ಆ ದಿನ ಬೆಳಿಗ್ಗೆ ಬಂದು ಹೇಳಿರದಿದ್ದರೆ, ಆ ಮರ್ಯಾದೆಯ ದನಿಗೆ ನಾನು ಒಟಿಪಿ ಹೇಳಿಬಿಡುತ್ತಿದ್ದೆ. ಅವ್ವನ ಮೂವತ್ತು ವರ್ಷದ ಬಿಸಿಲು ಒಂದು ನಿಮಿಷದಲ್ಲಿ ಹೋಗುತ್ತಿತ್ತು. ಬ್ಯಾಂಕಿಗೆ ಹೋಗಿ ಬಂದದ್ದಕ್ಕೂ ಆ ಫೋನು ಬಂದದ್ದಕ್ಕೂ ನಡುವೆ ಇದ್ದದ್ದು ಒಂದೂವರೆ ತಾಸು. ನಿಮ್ಮ ಮನೆಯ ಪೆನ್‌ಡ್ರೈವ್ ಈಗ ಎಲ್ಲಿದೆ? ಯಾರ ಹತ್ತಿರ ಇದೆ? ಇದನ್ನು ಓದುತ್ತಿರುವಂತೆಯೇ ಎದ್ದು ಹೋಗಿ ನೋಡಿ, ಇವತ್ತೇ ಅದಕ್ಕೆ ಪಾಸ್‌ವರ್ಡ್ ಹಾಕಿ. ನಮಗೆ ಒಂದೂವರೆ ತಾಸು ಸಿಕ್ಕಿತ್ತು. ನಿಮಗೂ ಸಿಗುತ್ತದೆ ಎಂದು ನಾನು ಹೇಳಲಾರೆ.