ಟವರಿನ ನೆತ್ತಿಯ ಬೆಳ್ಳಿ

ಹನ್ನೊಂದು ವರ್ಷ ಸುಚಿತಾ ಸೌರಮಂಡಲವನ್ನು ಗೋಡೆಯ ಮೇಲೆಯೇ ಮುಗಿಸಿದ್ದಳು. ಹಿರೇಗುತ್ತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ಮಕ್ಕಳ ಬಾಯಲ್ಲಿ ಅಕ್ಕೋರು. ಚಾರ್ಟು ನೇತುಹಾಕಿ ಬುಧ, ಶುಕ್ರ, ಭೂಮಿ ಎಂದು ಕೋಲಿನಿಂದ ಕುಟ್ಟುವುದು, ಶುಕ್ರ ಸೂರ್ಯನನ್ನು ಸುತ್ತಿ ಬರಲು ಇನ್ನೂರ ಇಪ್ಪತ್ತೈದು ದಿನ ಎಂದು ಬರೆಸುವುದು. ಪರೀಕ್ಷೆಗೆ ಅಷ್ಟು ಸಾಕು. ಈ ಅಕ್ಟೋಬರಿನಲ್ಲಿ ಮಾತ್ರ ಚಾರ್ಟನ್ನು ಗೆದ್ದಲು ತಿಂದುಹಾಕಿತ್ತು. ಬೇರೆ ದಾರಿ ಕಾಣದೆ ಅವಳು ಮಕ್ಕಳನ್ನು ಅಂಗಳಕ್ಕೆ ಇಳಿಸಿದಳು.

ನಡುವೆ ಸುಲಿಯದ ತೆಂಗಿನಕಾಯಿ, ಅದೇ ಸೂರ್ಯ. ಒಳಸುತ್ತಿನಲ್ಲಿ ಮೂಕಾಂಬಿಕಾ ಶುಕ್ರನಾಗಿ ಬಿರಬಿರನೆ ನಡೆಯಬೇಕು. ಹೊರಸುತ್ತಿನಲ್ಲಿ ಕಲ್ಪನಾ ಭೂಮಿಯಾಗಿ ನಿಧಾನ ನಡೆಯಬೇಕು.

“ಭೂಮಿ, ಶುಕ್ರ ಎಲ್ಲಿ ಕಾಣ್ತದೆ?”

“ಧ್ವಜದ ಕಂಬದ ಹತ್ರ, ಅಕ್ಕೋರೆ.”

ಹತ್ತು ಹೆಜ್ಜೆ ನಡೆಸಿ ಸುಚಿತಾ ಮತ್ತೆ ಕೇಳಿದಳು. “ಈಗ?”

“ಈಗ ನೀರಿನ ಟ್ಯಾಂಕಿನ ಹತ್ರ.” ಇನ್ನೂ ಹತ್ತು ಹೆಜ್ಜೆಗೆ ಕಲ್ಪನಾ ನಕ್ಕುಬಿಟ್ಟಳು. “ಇದೆಂತ ಅಕ್ಕೋರೆ, ಇದು ಒಂದ್ ಕಡೆ ನಿಲ್ಲುದೇ ಇಲ್ಲ!”

ಮಕ್ಕಳೆಲ್ಲ ನಕ್ಕರು. ಸುಚಿತಾ ಆಟ ನಿಲ್ಲಿಸಿಬಿಟ್ಟಳು. ಅವಳಿಗೆ ತಮ್ಮ ನಿತೇಶನ ನೆನಪಾಗಿತ್ತು.

ಅವರ ಮನೆ ಹೊನ್ನಾವರದಲ್ಲಿ, ನದಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲೇ. ನಿತೇಶ ಸಂಜೆ ಒಬ್ಬನೇ ಸಣ್ಣ ದೋಣಿ ಬಿಟ್ಟು, ಬಲೆ ಹಾಕಿ, ಬೆಳಕು ಹರಿಯುವ ಮುಂಚೆ ಮರಳುವವನು. ಅಳಿವೆಯಲ್ಲಿ ದೋಣಿಗೆ ದಾರಿ ಒಂದೇ, ಅದೂ ಇಕ್ಕಟ್ಟು. ಬಡಗಿಗೆ, ಉತ್ತರದ ಬದಿಗೆ, ಮರಳಿನ ದಿಬ್ಬ. ಅದರ ಮೇಲೆ ಅಲೆ ಒಡೆಯುತ್ತದೆ. ದಾರಿ ತೋರುತ್ತಿದ್ದ ದೀಪ ಮಳೆಗಾಲದಲ್ಲೇ ಕೆಟ್ಟಿತ್ತು. ಎರಡು ಮೊಬೈಲು ಉಪ್ಪುನೀರಿಗೆ ಹೋದಮೇಲೆ ಅವನು ಮೂರನೆಯದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ.

ಹಾಗಾಗಿ ಆಗಸ್ಟ್ ಕೊನೆಗೆ ಅಕ್ಕನೇ ಅವನಿಗೆ ಗುರುತು ಹುಡುಕಿಕೊಟ್ಟಿದ್ದಳು. ನಸುಕಿನಲ್ಲಿ ಅವನ ದೋಣಿ ಹತ್ತಿ ದಾರಿಯ ನಟ್ಟನಡುವಿನಿಂದ ನೋಡಿದರೆ, ಊರವರು ಬೆಳ್ಳಿ ಎನ್ನುವ ಶುಕ್ರ, ಗುಡ್ಡದ ಮೊಬೈಲ್ ಟವರಿನ ಕೆಂಪುದೀಪದ ನೇರ ಮೇಲೆ ಹೊಳೆಯುತ್ತಿತ್ತು.

“ಎರಡೂ ಒಂದೇ ಗೆರೆಗೆ ಬಂತಾ, ದೋಣಿ ಸೀದಾ ಬಿಡು. ದಂಡೆಯ ಬೆಳಕು ಮಾತ್ರ ನಂಬ್ಬೇಡ. ಇವತ್ತು ಯಾರೋ ಹಚ್ತಾರೆ, ನಾಳೆ ಆರಿಸ್ತಾರೆ. ಆಕಾಶದ್ದು ಹಾಂಗಲ್ಲ.”

ಅಪ್ಪ ದಾಸ ಅದನ್ನು ಕೇಳಿ ತಲೆಯಾಡಿಸಿದ್ದ. ನಲವತ್ತು ವರ್ಷ ಸಮುದ್ರ ಕಂಡ ಕಣ್ಣು. ಈಗ ಎರಡಕ್ಕೂ ಪೊರೆ ಬಂದಿದೆ. “ಬೆಳ್ಳಿ ತಿರ್ಗು ಚುಕ್ಕಿ, ಮಗಾ. ಅದ್ಕೆ ಮನೆ ಇಲ್ಲ.”

“ಅದು ಚುಕ್ಕಿಯೇ ಅಲ್ಲ ಅಪ್ಪಾ, ಗ್ರಹ. ನಾ ಪಾಠ ಮಾಡುದೇ ಅದನ್ನ,” ಎಂದು ಸುಚಿತಾ ನಕ್ಕಿದ್ದಳು. ಗ್ರಹ ಸುತ್ತುತ್ತಲೇ ಇರುತ್ತದೆ ಎಂದು ವರ್ಷ ವರ್ಷ ಬರೆಸುವ ಜಾಣೆಗೆ, ಹಾಗೆ ಸುತ್ತುವ ಗ್ರಹ ಮೂಡುವ ಜಾಗವನ್ನೂ ಬಿಟ್ಟು ಸರಿಯುತ್ತದೆ ಎಂದು ಹೊಳೆದಿರಲಿಲ್ಲ. ಪುಸ್ತಕದ ಶುಕ್ರನೇ ಬೇರೆ, ಗುಡ್ಡದ ಮೇಲಿನ ಬೆಳ್ಳಿಯೇ ಬೇರೆ ಎಂಬಂತೆ ಬದುಕಿದ್ದಳು.

ಆಮೇಲೆ ನಿತೇಶ ಭಟ್ಕಳ ಬಂದರಿನ ದೊಡ್ಡ ಬೋಟಿಗೆ ಕೆಲಸಕ್ಕೆ ಹೋಗಿ ನಿನ್ನೆಯಷ್ಟೇ ಬಂದಿದ್ದ. ಒಂದೂವರೆ ತಿಂಗಳ ಮೇಲೆ ಇವತ್ತೇ ಅವನ ಸ್ವಂತ ದೋಣಿ ಮತ್ತೆ ನೀರಿಗೆ ಇಳಿಯುವುದು. ಅಷ್ಟರಲ್ಲಿ ಶುಕ್ರ ತೆಂಕಿಗೆ, ದಕ್ಷಿಣದತ್ತ, ಸರಿದಿತ್ತು. ಅದನ್ನು ಟವರಿನ ನೆತ್ತಿಗೆ ಹೊಂದಿಸಲು ಹೋದರೆ ದೋಣಿ ಬಡಗಿಗೆ ಸರಿಯಲೇಬೇಕು. ಬಡಗಿಗೆ ದಿಬ್ಬ.

ಅಂಗಳದಿಂದಲೇ ಮಾಡಿದ ಫೋನಿಗೆ ಅಪ್ಪ ಸಿಕ್ಕ. “ಅವ ಹೋಗಿ ಆತು. ಮೊಬೈಲು ಇಲ್ಲೇ ಅದೆ.”

ಕುಮಟಾದಲ್ಲಿ ಬಸ್ಸು ಬದಲಿಸಿ ಅವಳು ಮನೆ ಮುಟ್ಟುವಾಗ ಸೂರ್ಯ ಮುಳುಗಿದ್ದ. ವಿಷಯ ಕೇಳಿದ ದಾಸ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

“ಅಷ್ಟು ದೊಡ್ಡ ನೀರಲ್ಲಿ ಅವನ್ನ ಎಲ್ಲಿ ಹುಡ್ಕುದು?” ಎಂದ. “ದಾರಿಯ ಬಾಯಿಗೆ ಬೆಂಕಿ ಹಾಕ್ವ. ಕಂಡ್ರೆ ಬತ್ತ.”

ನೆರೆಯ ಸುಧಾಕರ ನಾಲ್ಕು ಗಂಡಸರನ್ನೂ ಹಗ್ಗವನ್ನೂ ತಂದ. ಒಣಗಿದ ತೆಂಗಿನ ಗರಿಗಳನ್ನು ಹೊತ್ತು ತಂದು ದಾರಿಯ ತೆಂಕು ದಂಡೆಯಲ್ಲಿ ರಾಶಿ ಹಾಕಿದರು. ನಸುಕಿನ ನಾಲ್ಕೂವರೆಗೆ ಸುಚಿತಾಳೇ ಬೆಂಕಿ ಕೊಟ್ಟಳು. ಮೂಡಲಲ್ಲಿ ಬೆಳ್ಳಿ ಎದ್ದಿತು. ಆಗಸ್ಟಿನಲ್ಲಿ ಟವರಿನ ಮೇಲೆ ಕಂಡಿದ್ದು ಈಗ ಎಷ್ಟೋ ದೂರ, ಬಲಕ್ಕೆ ನಿಂತಿತ್ತು. ಎಷ್ಟು ಚೆಂದ ಹೊಳೆಯುತ್ತಿತ್ತು! ಅವಳಿಗೆ ಅದನ್ನು ಕಲ್ಲೆತ್ತಿ ಹೊಡೆಯಬೇಕು ಅನ್ನಿಸಿತು.

ಐದು ದಾಟಿದ ಮೇಲೆ ಎಂಜಿನ್ ಸದ್ದು ಕೇಳಿತು. ದಾಸ ಕಿವಿಯನ್ನು ಅತ್ತ ತಿರುಗಿಸಿದ. “ನಮ್ದೇ. ಇತ್ಲಾಗೇ ಬತ್ತಾ ಅದೆ.”

ಸುಚಿತಾ ಉಳಿದ ಗರಿಯನ್ನೆಲ್ಲ ಒಟ್ಟಿಗೇ ಬೆಂಕಿಗೆ ಹಾಕಿದಳು. ಜ್ವಾಲೆ ಆಳೆತ್ತರ ಎದ್ದಿತು. “ನಿತೇಶಾ, ಇಲ್ಲಿ! ಇಲ್ಲಿ ಬಾ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಸದ್ದು ಒಂದು ಗಳಿಗೆ ತಗ್ಗಿತು, ದೋಣಿಯವನು ಯೋಚಿಸುತ್ತಿರುವಂತೆ. ಮತ್ತೆ ಜೋರಾಯಿತು, ಬೆಂಕಿಯನ್ನು ಬಿಟ್ಟು ಬಡಗಿಗೆ ಹೊರಳಿತು.

“ತಿರ್ಗದ್ಯಾಕೆ?” ದಾಸ ಎದ್ದು ನಿಂತ. “ಮಗಾ, ಅವ ತಿರ್ಗದ್ಯಾಕೆ?”

ದಿಬ್ಬದ ಕಡೆಯಿಂದ ಮರ ಸೀಳಿದ ಸದ್ದು ಬಂತು. ಎಂಜಿನ್ ನಿಂತಿತು.

ಸುಧಾಕರನ ದೋಣಿ ಅವನನ್ನು ತರುವಾಗ ಬೆಳಕು ಹರಿದಿತ್ತು. ಉಸಿರಿತ್ತು. ಬಲಗೈ ಮಾತ್ರ ದೋಣಿಗೂ ಎಂಜಿನ್ನಿಗೂ ನಡುವೆ ಸಿಕ್ಕಿ, ಮುಂಗೈಯಿಂದ ಬೆರಳುಗಳವರೆಗೆ ಜಜ್ಜಿಹೋಗಿತ್ತು. ಇನ್ನು ಬಲೆ ಎಳೆಯುವ ಕೈ ಅಲ್ಲ ಅದು. ನೋಡಿದವರಿಗೆಲ್ಲ ಗೊತ್ತಾಯಿತು.

ಸುಚಿತಾ ಮರಳಿನ ಮೇಲೆ ಕುಸಿದು ಅವನ ತಲೆಯನ್ನು ತೊಡೆಗೆ ಎಳೆದುಕೊಂಡಳು. “ಬೆಂಕಿ ಕಾಣಲಿಲ್ಲನಾ ನಿಂಗೆ?”

“ಕಂಡ್ತು ಅಕ್ಕ,” ಎಂದ ನಿತೇಶ. ನೋವಿನಲ್ಲೂ ಅವನ ಮುಖದಲ್ಲಿ, ಹೇಳಿದ್ದನ್ನು ತಪ್ಪದೆ ಮಾಡಿದವನ ನೆಮ್ಮದಿ ಇತ್ತು. “ದಂಡೆಯ ಬೆಳಕು ನಂಬ್ಬೇಡ ಅಂದಿದ್ಯಲ್ಲ. ನಾ ನಂಬ್ಲಿಲ್ಲ.”