ಕೆಂಪು ಕಾರಿನ ಡಬ್ಬಿ

ಬೆಳಿಗ್ಗೆ ಹತ್ತೂವರೆಗೆ, ಹುಬ್ಬಳ್ಳಿಯ ಹೊರಗಿನ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ನಾನು ಒಂದು ರಟ್ಟಿನ ಡಬ್ಬಿ.

ಅದಕ್ಕೂ ಮೊದಲು ಬರಿ ಹಾಳೆಯಾಗಿದ್ದೆ. ಒಂದು ಯಂತ್ರ ನನ್ನ ಮೈಮೇಲೆ ಮಡಿಕೆಯ ಗೆರೆ ಒತ್ತಿತು. ಇನ್ನೊಂದು ಅಂಚಿಗೆ ತಂತಿಯ ಪಿನ್ನು ಹೊಡೆಯಿತು. ಮೂರೂವರೆ ಅಡಿ ಉದ್ದ, ಎರಡಡಿ ಅಗಲ. ನಾಲ್ಕೂ ಬದಿಗೆ ಕೆಂಪು ಕಾರಿನ ಚಿತ್ರ, ಕಾರಿನೊಳಗೆ ನಗುವ ಒಬ್ಬ ಹುಡುಗ. ಮಕ್ಕಳು ಕುಳಿತು ಓಡಿಸುವ ಬ್ಯಾಟರಿ ಕಾರನ್ನು ತುಂಬಲು ನನ್ನನ್ನು ಮಾಡಿದ್ದರು.

ಕಾರಿನ ಸಮೇತ ನಾನು ಗದಗಿನ ಒಂದು ಆಟಿಕೆ ಅಂಗಡಿಗೆ ಬಂದೆ. ಡಿಸೆಂಬರಿನಲ್ಲಿ ಒಂದು ದಿನ ಬೆಟಗೇರಿಯ ಗುತ್ತಿಗೆದಾರ ಜಯಶೀಲ ಹೊಸಮನಿ, ಅವರ ಹೆಂಡತಿ ಎಸ್ತೇರ ಬಂದು ನನ್ನ ಮುಂದೆ ನಿಂತರು. ಬೆಲೆ ಹನ್ನೊಂದು ಸಾವಿರ.

“ಇಷ್ಟ್ಯಾಕ? ಹೋದ ವರ್ಷ ಸೈಕಲ್ ಕೊಡಿಸೇವಲ್ಲ,” ಎಂದರು ಜಯಶೀಲ.

“ಸೈಕಲ್ ಕೊಡಿಸೇವಿ ಅಂತನ ಇದು. ಸೈಕಲ್‌ಕಿಂತ ಸಣ್ಣದು ಇಟ್ಟರ ಮಂದಿ ಏನಂತಾರ? ಹೊಸಮನಿಯವರ ಕೆಲಸ ಬಿದ್ದೈತಿ ಅಂತಾರ.”

“ಬಿದ್ದೈತಿ ಅಂತ ನಾನೂ ಅನ್ನಾಕ ಹತ್ತೇನಿ. ಮಳೆಗಾಲದಿಂದ ಒಂದ ಬಿಲ್ ಪಾಸ್ ಆಗಿಲ್ಲ.”

“ಮಂದಿ ಅನಬಾರದಲ್ಲ,” ಎಂದರು ಎಸ್ತೇರ.

ಜಯಶೀಲ ಹಣ ಕೊಟ್ಟರು.

ಅವರ ಚರ್ಚಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಕ್ರಿಸ್‌ಮಸ್ ಮುನ್ನಾದಿನ ಚರ್ಚಿನೊಳಗೆ ಒಂದು ಸರ್ವೆ ಗಿಡ ನಿಲ್ಲಿಸುತ್ತಾರೆ. ತಂದೆತಾಯಿಗಳು ತಮ್ಮ ಮಕ್ಕಳಿಗಾಗಿ ಕೊಂಡ ಉಡುಗೊರೆಗೆ ಹೆಸರಿನ ಚೀಟಿ ಅಂಟಿಸಿ, ಮಕ್ಕಳಿಗೆ ಗೊತ್ತಾಗದಂತೆ ಮಧ್ಯಾಹ್ನವೇ ಒಪ್ಪಿಸಿರುತ್ತಾರೆ. ಸಂಜೆ ಸಭೆಯ ಹಿರಿಯರಾದ ಯೇಸುದಾಸ ಮಾಸ್ತರರು ಕೆಂಪು ಅಂಗಿ, ಹತ್ತಿಯ ಗಡ್ಡ ಹಾಕಿಕೊಂಡು ಕ್ರಿಸ್‌ಮಸ್ ಅಜ್ಜನಾಗಿ ಬಂದು, ಒಂದೊಂದೇ ಹೆಸರು ಕೂಗಿ ಹಂಚುತ್ತಾರೆ. ಎಲ್ಲವನ್ನೂ ಅಜ್ಜನೇ ತಂದಿದ್ದಾನೆ ಎಂದು ಸಣ್ಣ ಮಕ್ಕಳು ನಂಬುತ್ತಾರೆ. ಒಳ್ಳೆಯ ಮಕ್ಕಳಿಗೆ ಮಾತ್ರ ತರುತ್ತಾನೆ ಎಂದು ಅವರಿಗೆ ಹೇಳಿರುತ್ತಾರೆ.

ಹಿಂದೆ ಉಡುಗೊರೆಗಳನ್ನು ಅಲ್ಲೇ ಬಿಚ್ಚುತ್ತಿದ್ದರಂತೆ. ಯಾರದು ಎಷ್ಟು ದುಬಾರಿ ಎಂದು ಹೋಲಿಸಿ ಮನಸ್ತಾಪಗಳಾದವು. ಅದಕ್ಕಾಗಿ ಅಯ್ಯನವರು, ಅಂದರೆ ಸಭಾಪಾಲಕರು, ಒಂದು ನಿಯಮ ಮಾಡಿದರು. ಎಲ್ಲಕ್ಕೂ ಬಣ್ಣದ ಕಾಗದ ಸುತ್ತಬೇಕು, ಮನೆಗೆ ಹೋಗಿಯೇ ಬಿಚ್ಚಬೇಕು. ಉದ್ದೇಶ ಒಳ್ಳೆಯದೇ. ಆದರೆ ಒಳಗಿನದು ಕಾಣದಂತಾದ ಮೇಲೆ ಜನ ಹೊರಗಿನ ಅಳತೆಯನ್ನು ಹೋಲಿಸತೊಡಗಿದರು. ಡಬ್ಬಿಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾದವು.

ಆ ವರ್ಷ ನನ್ನನ್ನು ಇಬ್ಬರು ಎತ್ತಿಕೊಂಡು ಬಂದು ಗಿಡದ ಕೆಳಗೆ ಇಟ್ಟರು. ಹೊಳೆಯುವ ಹಸಿರು ಕಾಗದ ಸುತ್ತಿದ್ದರಿಂದ ನನ್ನ ಮೈಮೇಲಿನ ಚಿತ್ರ ಯಾರಿಗೂ ಕಾಣುತ್ತಿರಲಿಲ್ಲ. “ಜೋಯಲ್ ಹೊಸಮನಿ!” ಎಂದು ಅಜ್ಜ ಕೂಗಿದಾಗ ಆರು ವರ್ಷದ ಜೋಯಲ್ ಓಡಿ ಬಂದು ನನ್ನನ್ನು ತಬ್ಬಿಕೊಂಡ. ಅವನ ಕೈಗಳು ನನ್ನ ಅರ್ಧಕ್ಕೂ ಎಟುಕಲಿಲ್ಲ. ಸಭೆಯಲ್ಲಿ ಗುಜುಗುಜು ಎದ್ದಿತು.

ಅವನ ನಂತರ ಕೂಗಿದ್ದು ಸುವಾರ್ತಾಳ ಹೆಸರು. ಅವಳಿಗೆ ಎಂಟು ವರ್ಷ. ಅಪ್ಪ ಪ್ರಭುದಾಸ ಒಂದು ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದರು, ತಾಯಿ ರೂತಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವಳಿಗೆ ಬಂದದ್ದು ಅಂಗೈ ಅಗಲದ ಒಂದು ಪೊಟ್ಟಣ. ಅವಳು ಅದನ್ನು ತೆಗೆದುಕೊಂಡು ನನ್ನ ಪಕ್ಕದ ಬೆಂಚಿಗೆ ಬಂದು ತಾಯಿಯ ಬಳಿ ಕುಳಿತಳು. ಬಹಳ ಹೊತ್ತು ನನ್ನನ್ನೇ ನೋಡಿದಳು.

“ಅವ್ವಾ, ಜೋಯಲ್ ನಂಗ ಕಲ್ಲ ಹೊಡದಾನ. ನಾ ಅವಂಗ ಹೊಡದಿಲ್ಲ. ಆದ್ರೂ ಅಜ್ಜ ಅವಂಗ ದೊಡ್ಡದು ಕೊಟ್ಟ. ನಾ ಏನ್ ತಪ್ಪ ಮಾಡೇನಿ?”

“ಸುಮ್ಕಿರು. ಪ್ರಾರ್ಥನಿ ಸುರು ಆಗತೈತಿ,” ಎಂದರು ರೂತಮ್ಮ.



ಹೊಸಮನಿಯವರ ಮನೆಯಲ್ಲಿ ಕಾರು ಹೊರಬಂತು, ನಾನು ಅಟ್ಟಕ್ಕೆ ಹೋದೆ. “ವಾರಂಟಿ ಇರೂತನ ಡಬ್ಬಿ ಒಗೀಬ್ಯಾಡ,” ಎಂದಿದ್ದರು ಜಯಶೀಲ. ಕೆಂಪು ಕಾರು ಓಣಿಯ ತುಂಬ ಓಡಾಡಿತು. ಓಣಿಯ ಮಕ್ಕಳೆಲ್ಲ ಅದರ ಹಿಂದೆ ಓಡಿದರು. ಯುಗಾದಿಯ ಹೊತ್ತಿಗೆ ಅದರ ಬ್ಯಾಟರಿ ಹೋಯಿತು. ಜೋಯಲ್‌ನಿಗೂ ಅದರ ಮೇಲಿನ ಆಸೆ ಹೋಗಿತ್ತು. ಆಮೇಲೆ ಅದರ ಸೀಟಿನ ಮೇಲೆ ಅವರು ಒಣಗಿದ ಬಟ್ಟೆ ಇಡುತ್ತಿದ್ದರು.

ಮುಂದಿನ ಡಿಸೆಂಬರಿನಲ್ಲಿ ಎಸ್ತೇರರ ಜಂಪರು ಹೊಲಿದು ತಂದ ರೂತಮ್ಮ ಅಟ್ಟದ ಕಡೆ ನೋಡಿದರು.

“ಎಸ್ತೇರಕ್ಕಾ, ಆ ಡಬ್ಬಿ ನಿಮಗ ಬೇಕಾಗಿಲ್ಲಂದ್ರ ನಂಗ ಕೊಡ್ತೀರೇನ್ರಿ? ಹಳೇ ಅರಿವಿ ಇಡಾಕ.”

“ತೊಗೊಂಡ ಹೋಗವಾ. ಜಿರಳಿ ಮರಿ ಹಾಕಾಕ ಹತ್ಯಾವ ಅದರಾಗ.”

ರೂತಮ್ಮ ನನ್ನನ್ನು ಮಡಚಿ, ಸೀರೆಯ ಸೆರಗಿನಿಂದ ಆದಷ್ಟು ಮುಚ್ಚಿಕೊಂಡು ಮನೆಗೆ ಒಯ್ದರು. ಮಗಳು ಶಾಲೆಯಿಂದ ಬರುವ ಮುಂಚೆ ಮಂಚದ ಕೆಳಗೆ ತಳ್ಳಿದರು. ಕೆಲಸದಿಂದ ಬಂದ ಪ್ರಭುದಾಸ ನನ್ನನ್ನು ನೋಡಿ ಹುಬ್ಬೇರಿಸಿದರು.

“ಇದ್ಯಾಕ?”

“ಸುವಾರ್ತಾಗ.”

“ಡಬ್ಬಿ ತಂದಿ. ಒಳಗೇನ ಇಡ್ತಿ? ನನ್ನ ಇಡ್ತೀಯೇನು?”

“ನೀವ ಕೂತ್ರ ತೂಕರ ಬರತೈತಿ,” ಎಂದು ರೂತಮ್ಮ ನಕ್ಕರು. ನಗು ಅಲ್ಲಿಗೇ ನಿಂತಿತು. “ಏನ್ರೀ, ಒಂದ ವರ್ಷ ಆತು, ಅಕಿ ಒಂದೂ ಹಟ ಮಾಡಿಲ್ಲ. ನೋಡೀರೇನು? ಶಾಲ್ಯಾಗ ಯಾರರ ಹೊಡದ್ರ ಹೊಡಸ್ಕೊಂಡ ಬರ್ತಾಳ. ಯಾಕ ಅಂತ ಕೇಳಿದ್ರ, ಅಜ್ಜ ನೋಡ್ತಿರ್ತಾನ ಅಂತಾಳ. ಮೊನ್ನಿ ಹೊಸಾ ಪೆನ್ಸಿಲ್ ಜೋಯಲ್‌ಗ ಕೊಟ್ಟ ಬಂದಾಳ. ಈ ಸಲನೂ ಸಣ್ಣದು ಬಂದ್ರ ಅಕಿ ಏನ್ ತಿಳ್ಕೋಬೇಕು? ತಾನ ಕೆಟ್ಟಾಕಿ ಅಂತ ತಿಳ್ಕೋತಾಳ.”

ಪ್ರಭುದಾಸ ಮಂಚದ ಮೇಲೆ ಕುಳಿತರು. ಅವರ ತಿಂಗಳ ಸಂಬಳ ಹದಿಮೂರು ಸಾವಿರ. ಆ ವರ್ಷ ಬೋನಸ್ ಅರ್ಧ ಮಾತ್ರ ಬಂದಿತ್ತು. ಮೂವರ ಹೊಸ ಬಟ್ಟೆ, ಹಬ್ಬದ ಮಟನ್, ಅತಿಥಿಗಳಿಗೆ ಕರ್ಚಿಕಾಯಿ, ಕೇಕು, ಮನೆಗೆ ಸುಣ್ಣ. ಇಷ್ಟಕ್ಕೇ ಅದು ಮುಗಿದಿತ್ತು.

“ಅಜ್ಜ ಗಿಜ್ಜ ಯಾರೂ ಇಲ್ಲ ಅಂತ ಹೇಳಿಬಿಡೂಣಲ್ಲ?”

“ಒಂಬತ್ತ ವರ್ಷದ ಕೂಸಿಗೆ, ಹಬ್ಬದ ಮುಂದ? ನೀವ ಹೇಳ್ರಿ ಬೇಕಾದ್ರ. ನನ್ನ ಕಡಿಂದ ಆಗೂದಿಲ್ಲ.”

ಪ್ರಭುದಾಸರ ಕಡೆಯಿಂದಲೂ ಆಗಲಿಲ್ಲ.

ಮಗಳು ಶಾಲೆಗೆ ಹೋದ ಮೇಲೆ ಮಾತ್ರ ರೂತಮ್ಮ ಅವಳಿಗೆಂದು ಒಂದು ಫ್ರಾಕು ಹೊಲಿಯಲು ಕೂರುತ್ತಿದ್ದರು. ಗಿರಾಕಿಯೊಬ್ಬರು ಬಿಟ್ಟುಹೋದ ಹಳದಿ ಸ್ಯಾಟಿನ್ ಬಟ್ಟೆ. ಎದೆಯ ಮೇಲೆ ಸಣ್ಣ ನೆರಿಗೆ, ನೆರಿಗೆಯ ಮೇಲೆ ಬಿಳಿ ದಾರದ ಹೂಗಳು. ಅಂಗಡಿಯಲ್ಲಿ ಅಂಥದ್ದಕ್ಕೆ ಎರಡು ಸಾವಿರ ಹೇಳುತ್ತಾರೆ. ಮಡಚಿದರೆ ಅದು ನನ್ನ ಒಂದು ಮೂಲೆಯನ್ನೂ ತುಂಬಲಿಲ್ಲ. ಅದಕ್ಕೆ ಪ್ರಭುದಾಸ ಮುದ್ರಣಾಲಯದಿಂದ ಅಚ್ಚು ತಪ್ಪಿದ ಹಾಳೆಗಳ ಕಟ್ಟುಗಳನ್ನು ತಂದು ನನ್ನಲ್ಲಿ ತುಂಬಿದರು. ಯಾರದೋ ಮದುವೆಯ ಕರೆಯೋಲೆ, ಯಾವುದೋ ಚುನಾವಣೆಯ ಕರಪತ್ರ. ಅವುಗಳ ಮೇಲೆ ಫ್ರಾಕು ಇಟ್ಟು ಟೇಪು ಹಚ್ಚಿದರು. ಗುಲಾಬಿ ಕಾಗದ ಸುತ್ತಿದರು. ಎತ್ತಿ ನೋಡಿದರು. ಒಬ್ಬರಿಂದ ಏಳಲಿಲ್ಲ. ಇಬ್ಬರ ಮುಖದಲ್ಲೂ ಸಮಾಧಾನ ಕಂಡಿತು.

ನನ್ನ ಮೈಮೇಲೆ ಏನಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಅವರ ಯೋಚನೆ ಚರ್ಚಿನವರೆಗೆ ಮಾತ್ರ ಹೋಗಿತ್ತು. ಚರ್ಚಿನಿಂದ ಮನೆಗೆ ಬಂದ ಮೇಲೆ ಏನು ಎಂಬಲ್ಲಿಗೆ ಹೋಗಿರಲಿಲ್ಲ. ನನಗೆ ತೋಚಿತ್ತು. ರಟ್ಟಿಗೆ ಬಾಯಿಲ್ಲ.

“ಸುವಾರ್ತಾ ಪ್ರಭುದಾಸ!”

ಮುನ್ನಾದಿನ ಸಂಜೆ ಚರ್ಚಿನಲ್ಲಿ ಅಜ್ಜ ಹೀಗೆ ಕೂಗಿದಾಗ ಅವಳು ಮೊದಲು ಏಳಲೇ ಇಲ್ಲ. ಅಜ್ಜ ನನ್ನನ್ನು ತೋರಿಸಿದಾಗ ಕೈ ಎದೆಯ ಮೇಲೆ ಇಟ್ಟುಕೊಂಡು, “ನಂದಾ?” ಎಂದು ಕೇಳಿದಳು. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಅವಳು ಬಂದು ನನ್ನ ಮೇಲೆ ಕೆನ್ನೆ ಒತ್ತಿದಳು. ಕೆನ್ನೆ ಬಿಸಿಯಾಗಿತ್ತು. ತಾಯಿಯ ಕಡೆ ತಿರುಗಿ ಜೋರಾಗಿಯೇ ಹೇಳಿದಳು: “ಅವ್ವಾ, ಅಜ್ಜ ನೋಡ್ಯಾನ!”

ಆ ವರ್ಷ ಜೋಯಲ್‌ಗೆ ಬಂದದ್ದು ಒಂದು ತೆಳ್ಳನೆಯ ಪೊಟ್ಟಣ. ಅದರಲ್ಲಿ ಹದಿನಾಲ್ಕು ಸಾವಿರದ ಟ್ಯಾಬ್ ಇತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಅವನು ನನ್ನನ್ನು ನೋಡಿದ, ತನ್ನ ಕೈಯಲ್ಲಿದ್ದುದನ್ನು ನೋಡಿದ, ಅಳಲು ಶುರು ಮಾಡಿದ. ಎಸ್ತೇರ ಅವನನ್ನು ಹೊರಗೆ ಕರೆದುಕೊಂಡು ಹೋದರು.

ಪ್ರಭುದಾಸ ಮತ್ತು ಇನ್ನೊಬ್ಬರು ನನ್ನನ್ನು ಮನೆಗೆ ಹೊತ್ತು ತಂದರು. ಸುವಾರ್ತಾ ದಾರಿಯುದ್ದಕ್ಕೂ ಒಂದು ಕೈ ನನ್ನ ಮೇಲೆ ಇಟ್ಟಿದ್ದಳು. ನೆಲಕ್ಕೆ ಇಳಿಸಿದ ಕೂಡಲೇ ಕಾಗದ ಹರಿದಳು. ಕೆಂಪು ಬಣ್ಣ ಕಂಡಿತು. ಇನ್ನಷ್ಟು ಹರಿದಳು. ಕಾರು ಕಂಡಿತು, ನಗುವ ಹುಡುಗ ಕಂಡ.

“ಕಾರ್!” ಎಂದು ಕಿರುಚಿದಳು. “ಅಪ್ಪಾ, ಕಾರ್! ಜೋಯಲ್‌ನಂಥಾ ಕಾರ್!” ನನ್ನನ್ನು ತೆರೆಯುವ ಮುಂಚೆಯೇ ಬಾಗಿಲಿಗೆ ಓಡಿ ಓಣಿಯ ಮಕ್ಕಳನ್ನು ಕೂಗತೊಡಗಿದಳು. ಪ್ರಭುದಾಸ ಅವಳ ಹಿಂದೆ ಹೋಗಿ ಬಾಗಿಲು ಮುಚ್ಚಿದರು.

“ಮೊದಲ ನೀ ತಗದ ನೋಡವಾ.”

ಅವಳು ಟೇಪು ಕಿತ್ತಳು. ಫ್ರಾಕು ಎತ್ತಿ ಪಕ್ಕಕ್ಕಿಟ್ಟಳು. ಹಾಳೆಗಳ ಕಟ್ಟುಗಳನ್ನು ಒಂದೊಂದಾಗಿ ಹೊರಗೆ ಹಾಕಿದಳು. ನನ್ನ ತಳ ಬಂತು. ಅವಳು ನನ್ನೊಳಗೆ ಕೈಯಾಡಿಸಿದಳು, ನಾಲ್ಕೂ ಮೂಲೆಗಳಲ್ಲಿ. ನಂತರ ಎದ್ದು ನಿಂತು ಬಹಳ ಮೆಲ್ಲಗೆ ಹೇಳಿದಳು:

“ಅಜ್ಜ ಕಾರ್ ಇಡೂದ ಮರತಾನ.”

ಅಪ್ಪನ ಕಡೆ ತಿರುಗಿದಳು.

“ನಾಳೆ ಹೋಗಿ ಕೇಳೂಣೇನಪಾ?”

ರೂತಮ್ಮ ನೆಲದ ಮೇಲೆ ಕುಳಿತುಬಿಟ್ಟರು. “ಅಜ್ಜ ಇಲ್ಲವಾ,” ಎಂದರು. “ಅಂವ ಯೇಸುದಾಸ ಮಾಸ್ತರ. ಎಲ್ಲಾರ ಮನ್ಯಾಗೂ ಅವರವರ ಅಪ್ಪ-ಅವ್ವನ ಇಡೂದು. ಇದು ನಾವ ಇಟ್ಟದ್ದು. ಡಬ್ಬಿ ಎಸ್ತೇರಕ್ಕಂದು. ಫ್ರಾಕ್ ನಾ ಹೊಲದೇನಿ.”

ಸುವಾರ್ತಾ ಫ್ರಾಕಿನ ಕಡೆ ನೋಡಿದಳು, ಹಾಳೆಗಳ ಕಡೆ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಹಂಗಾದ್ರ ಹೋದ ವರ್ಷ ನಾ ಏನೂ ತಪ್ಪ ಮಾಡಿದ್ದಿಲ್ಲ?”

“ಇಲ್ಲವಾ. ಏನೂ ಮಾಡಿದ್ದಿಲ್ಲ.”

“ಮತ್ತ ಅವಾಗ ಯಾಕ ಹೇಳಲಿಲ್ಲ?”

ರೂತಮ್ಮ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಪ್ರಭುದಾಸ ಹಾಳೆಗಳನ್ನು ಮತ್ತೆ ಕಟ್ಟು ಕಟ್ಟತೊಡಗಿದರು.

ಹಬ್ಬದ ದಿನ ಅವಳು ಹಳದಿ ಫ್ರಾಕು ಹಾಕಿಕೊಂಡಳು. ಮಧ್ಯಾಹ್ನ ಎಸ್ತೇರ ಕರ್ಚಿಕಾಯಿಯ ತಟ್ಟೆ ಹಿಡಿದು, ಜೋಯಲ್‌ನನ್ನು ಕರೆದುಕೊಂಡು ಬಂದರು. ನನ್ನನ್ನು ಬಚ್ಚಿಡಲು ಯಾರಿಗೂ ನೆನಪಾಗಿರಲಿಲ್ಲ.

“ಮಮ್ಮಿ, ನನ್ ಕಾರಿನ ಡಬ್ಬಿ!” ಎಂದ ಜೋಯಲ್.

ಎಸ್ತೇರ ನನ್ನನ್ನು ನೋಡಿದರು. ಹರಿದ ಗುಲಾಬಿ ಕಾಗದ ಇನ್ನೂ ನನ್ನ ಒಂದು ಬದಿಗೆ ಅಂಟಿಕೊಂಡಿತ್ತು. ಮೂಲೆಯಲ್ಲಿದ್ದ ಹಾಳೆಯ ಕಟ್ಟುಗಳನ್ನು ನೋಡಿದರು. ರೂತಮ್ಮನ ಮುಖ ನೋಡಲಿಲ್ಲ.

“ಅಜ್ಜ ಇದರಾಗ ನಂಗ ಫ್ರಾಕ್ ಹಾಕಿ ಕೊಟ್ಟಾನ,” ಎಂದಳು ಸುವಾರ್ತಾ.

“ನನ್ ಡಬ್ಬಿ ಯಾಕ ತೊಗೊಂಡ ಅಂವ?”

“ಅವನ ಕಡೆ ಡಬ್ಬಿ ತೀರಿದ್ವಂತ.”

ಜೋಯಲ್ ಅದನ್ನು ಒಪ್ಪಿಕೊಂಡ. ನಂತರ ಕೇಳಿದ: “ನಂಗ ಈ ಸಲ ಸಣ್ಣದ ಯಾಕ ಕೊಟ್ಟ? ನಾ ನಿಂಗ ಕಲ್ಲ ಹೊಡದಿದ್ನಲ್ಲ, ಅದಕ್ಕನ?”

“ಅದಕ್ಕಲ್ಲ,” ಎಂದಳು ಸುವಾರ್ತಾ. “ಅಂವ ಅದನ್ನೆಲ್ಲಾ ನೋಡೂದಿಲ್ಲ.”

ಎಸ್ತೇರ ತಟ್ಟೆ ಇಟ್ಟು, ಚಹಾ ಕುಡಿಯದೆ ಎದ್ದರು.

ಆಮೇಲೆ ನನ್ನಲ್ಲಿ ನಿಜವಾಗಿಯೂ ಹಳೆಯ ಬಟ್ಟೆ ತುಂಬಿದರು. ವರ್ಷ ಕಳೆಯುವ ಹೊತ್ತಿಗೆ ನನ್ನ ಅಂಚುಗಳು ಮೆತ್ತಗಾಗಿದ್ದವು. ಡಿಸೆಂಬರಿನಲ್ಲಿ ಚರ್ಚಿನ ಯುವಕರು ಗೋದಲಿ ಕಟ್ಟಲು ರಟ್ಟು ಕೇಳುತ್ತ ಬಂದಾಗ ರೂತಮ್ಮ ನನ್ನನ್ನು ಕೊಟ್ಟರು. ಅವರು ನನ್ನ ಒಂದು ಬದಿ ಕತ್ತರಿಸಿ, ಕಂದು ಬಣ್ಣ ಬಳಿದು, ಹುಲ್ಲು ಅಂಟಿಸಿ ಯೇಸು ಹುಟ್ಟಿದ ಕೊಟ್ಟಿಗೆ ಮಾಡಿದರು. ಕಾರು, ಹುಡುಗ ಎರಡೂ ಬಣ್ಣದ ಕೆಳಗೆ ಹೋದವು. ಮಣ್ಣಿನ ಮರಿಯ, ಯೋಸೇಫ, ಎರಡು ಕುರಿ ನನ್ನೊಳಗೆ ಬಂದು ನಿಂತವು. ನನ್ನನ್ನು ಸರ್ವೆ ಗಿಡದ ಪಕ್ಕದಲ್ಲೇ ಇಟ್ಟರು.

ಮುನ್ನಾದಿನ ಮಧ್ಯಾಹ್ನ ಉಡುಗೊರೆಗಳು ಬಂದವು. ಹಿಂದಿನ ವರ್ಷಕ್ಕಿಂತ ದೊಡ್ಡ ಡಬ್ಬಿಗಳಿದ್ದವು. ಅವುಗಳಲ್ಲಿ ಎಷ್ಟರಲ್ಲಿ ಸಾಮಾನಿತ್ತು, ಎಷ್ಟರಲ್ಲಿ ಕಾಗದವಿತ್ತು ಎಂದು ನಾನು ಹೇಳಲಾರೆ. ಸುವಾರ್ತಾ ತನಗೆ ಈ ಸಲ ಗಿಡದ ಕೆಳಗೆ ಏನೂ ಇಡಬೇಡಿ ಎಂದು ಮನೆಯಲ್ಲಿ ಹೇಳಿದ್ದಳು. ಪ್ರಭುದಾಸ, ರೂತಮ್ಮ ಏನೂ ಇಟ್ಟಿರಲಿಲ್ಲ.

ಆದರೆ ಎಲ್ಲರಿಗಿಂತ ಕೊನೆಗೆ ಎಸ್ತೇರ ಬಂದರು. ಮಗನದನ್ನು ಒಪ್ಪಿಸಿದ ಮೇಲೆ ಚೀಲದಿಂದ ಇನ್ನೊಂದು ಡಬ್ಬಿ ತೆಗೆದರು. ಬೆಳ್ಳಿ ಬಣ್ಣದ ಕಾಗದ, ಕೆಂಪು ರಿಬ್ಬನ್ನು. ಅದನ್ನು ನನ್ನ ಪಕ್ಕದಲ್ಲಿಟ್ಟು, ಚೀಟಿಯ ಮೇಲೆ ಹೆಸರು ಬರೆದು ಅಂಟಿಸಿದರು. ಯಾರಿಗೂ ಹೇಳಬೇಡಿ ಎಂದು ಮಾಸ್ತರರಿಗೆ ತಿಳಿಸಿ ಹೋದರು.

“ಸುವಾರ್ತಾ ಪ್ರಭುದಾಸ!” ಎಂದು ಸಂಜೆ ಅಜ್ಜ ಕೂಗಿದರು.

ಎರಡನೆಯ ಸಾಲಿನಲ್ಲಿ ಪ್ರಭುದಾಸ ಹೆಂಡತಿಯ ಮುಖ ನೋಡಿದರು. ರೂತಮ್ಮ ತಾನಿಟ್ಟಿಲ್ಲವೆಂದು ತಲೆಯಾಡಿಸಿದರು. ಸುವಾರ್ತಾ ಇಬ್ಬರನ್ನೂ ನೋಡಿದಳು, ಬೆಳ್ಳಿ ಕಾಗದವನ್ನು ನೋಡಿದಳು. ಅಲ್ಲಿಂದ ಅವಳ ಕಣ್ಣು ಎಸ್ತೇರರ ಕಡೆ ಹೋಯಿತು. ಎಸ್ತೇರ ಹಾಡಿನ ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದರು.

“ಸುವಾರ್ತಾ, ಬಾರವಾ!”

“ಹೋಗು,” ಎಂದು ಪ್ರಭುದಾಸ ಪಿಸುಗುಟ್ಟಿದರು. “ಮಂದಿ ನೋಡಾಕತ್ತಾರ.”

“ನೀವು ಇಟ್ಟಿಲ್ಲಲ್ಲಪಾ,” ಎಂದಳು ಅವಳು.

ಮಾಸ್ತರರು ಇನ್ನೊಮ್ಮೆ ಕೂಗಿ ಕಾದರು. ಅವಳು ಏಳಲಿಲ್ಲ. ಅವರು ಆ ಡಬ್ಬಿಯನ್ನು ಮತ್ತೆ ನನ್ನ ಪಕ್ಕದಲ್ಲಿ ಇಟ್ಟು ಮುಂದಿನ ಹೆಸರು ಕರೆದರು.

ಈಗ ನಾನು ಗುಜರಿ ಅಂಗಡಿಯ ಹಿಂದೆ, ಮಡಚಿದ ರಟ್ಟುಗಳ ರಾಶಿಯಲ್ಲಿದ್ದೇನೆ. ನನ್ನಂಥವರಿಗೆ ಇಲ್ಲಿ ಒಂದೇ ದರ. ಒಳಗೆ ಏನು ಇತ್ತು ಎಂದು ತೂಗುವವನು ಕೇಳುವುದಿಲ್ಲ. ಸದ್ಯದಲ್ಲೇ ನಮ್ಮನ್ನು ನೆನೆಸಿ, ಅರೆದು ಮತ್ತೆ ಹಾಳೆ ಮಾಡುತ್ತಾರೆ. ಮುಂದೆ ಯಾವ ಡಬ್ಬಿಯಾಗುತ್ತೇನೋ ಗೊತ್ತಿಲ್ಲ. ಮೈಮೇಲೆ ಚಿತ್ರವಿಲ್ಲದ್ದಾದರೆ ಒಳ್ಳೆಯದು.

ಹೊಸ ವರ್ಷದ ಆರಾಧನೆ ಮುಗಿದ ಮರುದಿನ ಯುವಕರು ಗೋದಲಿ ಬಿಚ್ಚಿ ನನ್ನನ್ನು ಹೊರಗೆ ಹಾಕಿದರು. ಬೆಳ್ಳಿ ಕಾಗದದ ಡಬ್ಬಿಯನ್ನು ಅಯ್ಯನವರು ಒಳಗಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ಅದನ್ನು ಕೇಳಿಕೊಂಡು ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ.